ಬೀಗಿತ್ತಿಗೂ ಒಂದು ಮೈಕು

ನಮ್ಮ ಬಿಳಿಗೆರೆಯ ಹಾಡಿನ ರೇಡಿಯೊ ಉಳಿದದ್ದು ಯಾರ ಸೇವೆಯಿಂದಲೂ ಅಲ್ಲ, ನಾನು ನನ್ನ ಬೀಗಿತ್ತಿಯನ್ನು ಆಡಿಕೊಂಡದ್ದರಿಂದ. ಈಗ ಅದರ ಚರಿತ್ರೆಯನ್ನು ಪುಸ್ತಕ ಮಾಡುತ್ತಾರಂತೆ. ಸಂಸ್ಕೃತಿ, ಸಹಕಾರ ಎಂದೆಲ್ಲ ಬರೆಯುತ್ತಾರೆ. ಬರೆದುಕೊಳ್ಳಲಿ. ನಾನು ಮೂರನೇ ಕ್ಲಾಸು ಓದಿದವಳು, ಆದದ್ದನ್ನಷ್ಟೇ ಬರೆಯಬಲ್ಲೆ.

ಮೊದಮೊದಲು ಅಲ್ಲಿ ಬರೀ ಸಿನಿಮಾ ಹಾಡು. ಅವು ಎಲ್ಲರ ಮೊಬೈಲಿನಲ್ಲೂ ಇದ್ದವು, ರೇಡಿಯೊ ಕೇಳುವವರೇ ಇರಲಿಲ್ಲ. ಮುಚ್ಚುತ್ತಾರೆ ಎಂಬ ಸುದ್ದಿ ಎದ್ದಾಗ, ಅಲ್ಲಿ ಕೆಲಸ ಮಾಡುವ ಶೋಭಾ ನಮ್ಮ ಮನೆಗೆ ಬಂದು, “ಅಜ್ಜಿ, ನೀವು ಬಂದು ಒಂದಷ್ಟು ಮದ್ವೆ ಹಾಡು ಹಾಡ್ಬೇಕು” ಎಂದಳು. ಹೋದೆ. ಮಹಡಿ ಮೇಲೆ ಒಂದು ಕೋಣೆ, ಗೋಡೆಗೆಲ್ಲ ಮೊಟ್ಟೆ ಇಡುವ ರಟ್ಟು ಅಂಟಿಸಿದ್ದರು. ಇಷ್ಟು ಮೊಟ್ಟೆ ತಿಂದೂ ಈ ಹುಡುಗಿ ಹೀಗೇಕೆ ಒಣಗಿದ್ದಾಳೆ ಎಂದುಕೊಂಡೆ.

ಸೋಬಾನೆ ಮುಗಿಸಿ ಬೀಗರ ಹಾಡಿಗೆ ಬಂದೆ. ಗಂಡಿನ ಕಡೆಯವರನ್ನು ಹೆಸರು ಹಿಡಿದು ಹಂಗಿಸುವ ಹಾಡು ಅದು. ಹೆಸರಿಲ್ಲದೆ ಹಾಡಿದರೆ ಉಪ್ಪಿಲ್ಲದ ಸಾರು. ಎದುರಿಗೆ ಬೀಗಿತ್ತಿ ಯಾರೂ ಇರಲಿಲ್ಲ. ನರಸೀಪುರದ ಕಡೆಯ ಪುಟ್ಟಮ್ಮ, ನನ್ನ ಕೊನೆಯ ಮಗಳು ಸವಿತಾಳ ಅತ್ತೆ, ಅವಳನ್ನೇ ಸೇರಿಸಿದೆ. ಎಂಟು ಮುದ್ದೆ ಉಂಡು ಒಂಬತ್ತನೆಯದಕ್ಕೆ ಕೈ ಒಡ್ಡಿದಳು ಎಂದು ಹಾಡಿಬಿಟ್ಟೆ. ಮದುವೆ ಚಪ್ಪರದಲ್ಲಾದರೆ ಅವಳು ಅಲ್ಲೇ ಎರಡರಷ್ಟು ತಿರುಗಿಸಿ ಹಾಡುತ್ತಿದ್ದಳು, ಇಬ್ಬರೂ ನಕ್ಕು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆವು. ರೇಡಿಯೊಗೆ ಮನೆಯಲ್ಲಿ ಕುಳಿತು ಹೇಗೆ ತಿರುಗಿಸಿ ಹಾಡುವುದು? ಜನ ಫೋನು ಮಾಡಿ ಮಾಡಿ ಕೇಳಿದರೆಂದು ಶೋಭಾ ಅದನ್ನೇ ಮೂರು ದಿನ ಹಾಕಿದಳು. ಪುಟ್ಟಮ್ಮ ಡೇರಿಗೆ ಹಾಲು ಹಾಕಲು ಹೋದರೆ, “ಇವತ್ತೆಷ್ಟ್ ಮುದ್ದೆ ಆಯ್ತಕ್ಕಾ?” ಎಂದರಂತೆ.

ಸವಿತಾ ಏಳು ತಿಂಗಳ ಬಸುರಿ. ನಾಲ್ಕು ಮೊಮ್ಮಕ್ಕಳ ಬಾಣಂತನ ನೋಡಿದವಳು ನಾನು. ಇವಳೂ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೇ ಬರಬೇಕಾದವಳು. ಫೋನಿನಲ್ಲಿ ಅತ್ತಳು: “ಅವ್ವಾ, ನಮ್ಮತ್ತೆ ನನ್ನ ಕಳ್ಸಕಿಲ್ವಂತೆ ಕಣವ್ವ. ಆ ಬಾಯಿರೋ ಮನೇಲಿ ನನ್ನ ಮೊಮ್ಮಗ ಉಟ್ಟೋದು ಬ್ಯಾಡ ಅಂತವ್ರೆ.”

“ಓಗಿ ತಪ್ಪಾಯ್ತು ಅಂದ್ಬುಡು” ಎಂದರು ನನ್ನ ಗಂಡ. ಬೀಗರ ಹಾಡಿಗೆ ತಪ್ಪಾಯಿತು ಎಂದವರನ್ನು ನಾನು ಕಂಡಿಲ್ಲ. ಶೋಭಾಳಿಗೆ ಹೇಳಿದೆ: “ಅವ್ಳ್ ಕೈಗೂ ಮೈಕ್ ಕೊಡವ್ವ.”

“ಜಗಳ ಆದ್ರೆ ರೇಡಿಯೊನೇ ಮುಚ್ಚಿಸ್ತಾರೆ ಅಜ್ಜಿ!”

“ಎಂಗೂ ಮುಚ್ತಾ ಇದ್ರಲ್ಲ, ನಾಕ್ ಜನ ಕೇಳಿಸ್ಕಂಡ್ ಮ್ಯಾಲೆ ಮುಚ್ಲಿ.”

ಪುಟ್ಟಮ್ಮ ಆಟೋದಲ್ಲಿ ನಾಲ್ವರು ಹೆಂಗಸರನ್ನು ತುಂಬಿಕೊಂಡು ಬಂದು ಅರ್ಧ ಗಂಟೆ ಹಾಡಿದಳು. ನನ್ನ ಗೊರಕೆಗೆ ಎಮ್ಮೆ ಹಗ್ಗ ಕಿತ್ತಿತು, ನನ್ನ ಮಜ್ಜಿಗೆಯಲ್ಲಿ ಮೀನು ಈಜಿತು. ಬೀದಿಯವರೆಲ್ಲ ನನ್ನ ಜಗುಲಿಯ ಮೇಲೇ ಕುಳಿತು ಕೇಳಿದರು. ಗೊರಕೆಗೆ ನನ್ನ ಗಂಡ ಸಾಕ್ಷಿ ಹೇಳಿದರು. ಕೊನೆಗೆ ಪುಟ್ಟಮ್ಮ ಮೈಕಿನಲ್ಲೇ, “ಬೀಗ್ತೀ, ಈಗ ಸಮ ಆಯ್ತು. ಬಂದು ನಿನ್ನ ಮಗ್ಳ ಕರ್ಕಂಡೋಗು” ಎಂದಳು.

ಎರಡೂ ತಾಲ್ಲೂಕಿನ ಬೀಗಿತ್ತಿಯರು ಅಲ್ಲಿ ಸಾಲು ನಿಂತದ್ದು, ಮುಚ್ಚುವ ಮಾತು ನಿಂತದ್ದು ಎಲ್ಲ ಆಮೇಲಿನ ಕತೆ. ಅವತ್ತು ನನಗೆ ಆ ‘ಸಮ’ ಎಂಬುದೇ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ನಾನು ಹಾಡಿದ್ದು ಹತ್ತು ನಿಮಿಷ, ಅವಳು ಅರ್ಧ ಗಂಟೆ, ಇದ್ಯಾವ ಸಮ? ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ, ಪುಟ್ಟಮ್ಮನ ಕೈಯಿಂದ ಮಗಳಿಗೆ ಮಡಿಲು ತುಂಬಿಸಿ ಕರೆತಂದೆ. ಮನೆಗೆ ಹೋಗುವ ಮೊದಲು ರೇಡಿಯೊದ ಹತ್ತಿರ ಇಳಿದು, ಅವಳನ್ನು ಮೆಟ್ಟಿಲ ಬಳಿಯ ಬೆಂಚಿನ ಮೇಲೆ ಕೂರಿಸಿ, ಉಳಿದ ಇಪ್ಪತ್ತು ನಿಮಿಷ ಹಾಡಲು ಮಹಡಿ ಹತ್ತಿದೆ.