ಕವರ್ ಕೀಳದವನು

ಗುಮಾಸ್ತ ಹೊಸ ವಸ್ತುವಿನ ಪ್ಲಾಸ್ಟಿಕ್ ಕವರ್ ಕಿತ್ತವನೇ ಅಲ್ಲ. ಅವನ ಮನೆಯ ರಿಮೋಟು, ಗಡಿಯಾರ, ಫ್ರಿಜ್ಜಿನ ಹಿಡಿ ಎಲ್ಲವೂ ಅಂಗಡಿಯಿಂದ ಬಂದ ದಿನದ ಅಂಗಿಯಲ್ಲೇ ಇದ್ದವು. ಮೂರು ವರ್ಷದ ಹಿಂದೆ ಮನೆಗೆ ಬಂದ ಅಕ್ಕ, ಕೂತರೆ ಬೆವರುತ್ತದೆ ಎಂದು ಸೋಫಾದ ಕವರನ್ನು ಪರ್ರನೆ ಹರಿದಿದ್ದಳು. ಅವನು ಆಡಬಾರದ ಮಾತು ಆಡಿದ. ಚೀಲ ಎತ್ತಿಕೊಂಡು ಹೋದವಳು ಮತ್ತೆ ಅವನ ಫೋನು ಎತ್ತಲಿಲ್ಲ.

ಈಗ ಅಕ್ಕನ ಮಗಳು ಹೇಗೋ ಅಮ್ಮನನ್ನು ಒಪ್ಪಿಸಿದ್ದಳು. ಭಾನುವಾರ ಸಂಜೆ ಐದಕ್ಕೆ ಕಂಪ್ಯೂಟರಿನಲ್ಲಿ ಮುಖ ನೋಡಿ ಮಾತು. ಒಂದೇ ಸಲ ಎಂದಿದ್ದಳಂತೆ ಅಕ್ಕ. ಅದಕ್ಕೆಂದೇ ಗುಮಾಸ್ತ ಹೊಸ ಕ್ಯಾಮೆರಾ ತಂದ. ಹಳೆಯ ಕಂಪ್ಯೂಟರು ಹತ್ತು ನಿಮಿಷಕ್ಕೇ ಕಾದು ಬಂದ್ ಆಗುತ್ತಿದ್ದುದರಿಂದ, ಪ್ರೊಸೆಸರ್ ಮೇಲೆ ಕೂತು ಅದರ ಶಾಖ ಹೀರುವ ಹೊಸ ಕೂಲರನ್ನೂ ತಂದ.

ಭಾನುವಾರ ಮಧ್ಯಾಹ್ನ ತಾನೇ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ, ಶಾಖ ದಾಟಿಸುವ ಪೇಸ್ಟ್ ಬಳಿದು, ಕೂಲರನ್ನು ನಾಲ್ಕು ಸ್ಕ್ರೂ ಹಾಕಿ ಬಿಗಿದ. ಕಂಪ್ಯೂಟರು ಎರಡೇ ನಿಮಿಷಕ್ಕೆ ಬಂದ್.

ಮಹಡಿ ಮನೆಯ ಪಂಪ್ ಮೆಕ್ಯಾನಿಕ್ ಕರೆಯದೆಯೇ ಇಳಿದು ಬಂದ. ಹಿಂಬದಿಯ ಫ್ಯಾನು ಗಾಳಿಯನ್ನು ಹೊರಗೆ ದೂಡಬೇಕು ಎಂದ. ತಿರುಗಿಸಿದರು. ಬಂದ್. ವೈರುಗಳು ಗಾಳಿಗೆ ಅಡ್ಡ ಎಂದ. ಜಡೆ ಹೆಣೆದರು. ಬಂದ್. ಎದುರಿಗೆ ಟೇಬಲ್ ಫ್ಯಾನ್ ಇಟ್ಟಾಗ ಪೆಟ್ಟಿಗೆಯ ಧೂಳೆಲ್ಲ ಎದ್ದು, ಮೆಕ್ಯಾನಿಕ್ ಹಿಟ್ಟಿನ ಗಿರಣಿಯಿಂದ ಬಂದವನಂತೆ ಕಂಡ. ಕಂಪ್ಯೂಟರು ಆಗಲೂ ಬಂದ್. ಗಂಟೆ ನಾಲ್ಕೂವರೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಮೆಲ್ಲನೆ ಕೇಳಿದಳು: "ರೀ, ಆ ಕೂಲರಿಗೂ ಕವರ್ ಇತ್ತಾ?"

ಗುಮಾಸ್ತ ಮತ್ತೆ ಕೂಲರಿಗೆ ಕೈ ಹಾಕಿದ. ಸ್ಕ್ರೂ ಬಿಚ್ಚಿ ಮಗುಚಿದ. ತಳದಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ. ಶಾಖ ಮೇಲೆ ಹತ್ತದಂತೆ ಅದೇ ತಡೆದಿತ್ತು.

"ಕೂರಿಸೋ ಮುಂಚೆ ಕೀಳಿ ಅಂತ ಕೆಂಪಕ್ಷರದಲ್ಲೇ ಬರ್ದಿದಾರಲ್ಲಪ್ಪಾ," ಎಂದ ಮೆಕ್ಯಾನಿಕ್, ಮೀಸೆ ಕೊಡವುತ್ತ.

"ಹೊಸದು, ಗೀರು ಬೀಳಬಾರ್ದು ಅಂತ..."

ಹಾಳೆ ಕೀಳುವಾಗ ಅದೇ ಪರ್ರೆನ್ನುವ ಸದ್ದು. ಅಕ್ಕ ಅಂದು ಮಾಡಿದ್ದೂ ಇಷ್ಟೇ ಎನಿಸಿತು ಅವನಿಗೆ.

ಐದಕ್ಕೆ ಕಂಪ್ಯೂಟರು ತಣ್ಣಗೆ ಓಡುತ್ತಿತ್ತು. ಪರದೆಯಲ್ಲಿ ಅಕ್ಕ. ಕೂದಲು ಅರ್ಧಕ್ಕರ್ಧ ನೆರೆತಿತ್ತು.

"ಅಕ್ಕಾ, ತಪ್ಪು ನಂದೇ. ಆ ಬುದ್ಧಿ ಇವತ್ತಿಗೆ ಬಿಟ್ಟೆ," ಎಂದ.

ಅಕ್ಕನ ಮುಖ ಸಡಿಲವಾಯಿತು. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿದಳು.

"ಎಲ್ಲಾ ಮಂಜು ಮಂಜಾಗಿದೆಯಲ್ಲೋ, ನಿನ್ನ ಮುಖಾನೇ ಕಾಣ್ತಿಲ್ಲ. ಕ್ಯಾಮೆರಾ ಹೊಸದಾ?"

"ಹೂಂ ಅಕ್ಕಾ, ನಿನಗೋಸ್ಕರಾನೇ ತಂದೆ."

ಅಕ್ಕ ಪರದೆಗೆ ಮುಖ ಹತ್ತಿರ ತಂದಳು. "ಅದರ ಕವರ್ ಕಿತ್ತಿದೀಯೇನೋ?"

ಗುಮಾಸ್ತನ ಬೆರಳು ಕ್ಯಾಮೆರಾದತ್ತ ಹೋಯಿತು. ಅಷ್ಟರಲ್ಲಿ ಅಕ್ಕ ಕರೆ ಕತ್ತರಿಸಿದಳು; ಅವಳಿದ್ದ ಚೌಕ ಕಪ್ಪಾಯಿತು.

ಅವನು ಉಗುರಿನಿಂದ ಕ್ಯಾಮೆರಾದ ಹಾಳೆ ಕಿತ್ತ. ಉಳಿದ ಚೌಕದಲ್ಲಿ ಅವನದೇ ಮುಖ, ಕಣ್ಣಂಚಿನ ನೀರು ಸಮೇತ, ಬಲು ಸ್ಪಷ್ಟವಾಗಿ ಕಂಡಿತು.