ಅತ್ತೆಯ ಬೈಗುಳಕ್ಕೆ ಮೂರು ಪ್ರತಿ

"ಇನ್ಮುಂದೆ ಈ ಮನೇಲಿ ಒಂದೇ ಒಂದು ಫೋಟೋ ಕಳೆದುಹೋದ್ರೂ ನನ್ನ ಹೆಸರು ಬದಲಾಯಿಸು!" ಎಂದು ಮೂರುಪ್ರತಿ ಘೋಷಿಸಿದಾಗ ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಯಾವ ಹೆಸರು ರೀ? ಅಪ್ಪ ಅಮ್ಮ ಇಟ್ಟಿದ್ದೋ, ಆಫೀಸಿನವರು ಇಟ್ಟಿದ್ದೋ?"

ಆಫೀಸಿನವರು ಅವನನ್ನು ಮೂರುಪ್ರತಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ದಾಖಲೆ ಕೊಠಡಿಯ ಗುಮಾಸ್ತನಾದ ಆತ ರಜೆ ಚೀಟಿಯನ್ನೂ ಮೂರು ಪ್ರತಿ ಇಲ್ಲದೆ ಮುಟ್ಟಿದವನಲ್ಲ. ಅಂಥವನು ಈಗ ಮನೆಗೊಂದು ಸರ್ವರ್ ಕಟ್ಟಲು ಹೊರಟಿದ್ದ. ಫೋಟೋ, ವಿಡಿಯೋ, ಕಾಗದಪತ್ರ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಪೆಟ್ಟಿಗೆಯೊಳಗೆ ಎರಡು ಡಿಸ್ಕ್. ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲೂ ತಾನಾಗಿಯೇ ಇಳಿಯುತ್ತದೆ. ಒಂದು ಡಿಸ್ಕ್ ಹೊಸದು. ಇನ್ನೊಂದು ಹಳೆಯ ಕಂಪ್ಯೂಟರಿನದೇ! ಅದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ಸಾಗಿಸಿ, ಆಮೇಲೆ ಅದನ್ನು ಪೂರ್ತಿ ಅಳಿಸಿ, ಹೊಸದಕ್ಕೆ ಜೋಡಿ ಮಾಡುವುದು. ಮೂರನೆಯ ಪ್ರತಿ? "ಅದು ಮುಂದಿನ ತಿಂಗಳು" ಎಂದುಬಿಟ್ಟ ಮಹಾನುಭಾವ. ಆಫೀಸಿನಲ್ಲಿ ಯಾರಾದರೂ ಹಾಗೆಂದಿದ್ದರೆ ಕಡತವನ್ನೇ ವಾಪಸ್ ಎಸೆಯುತ್ತಿದ್ದ.

ಶನಿವಾರ ಬೆಳಿಗ್ಗೆ ಊಟದ ಮೇಜನ್ನು ವಶಪಡಿಸಿಕೊಂಡು ಸಾಗಣೆ ಶುರುಮಾಡಿದ. ಒಂದೊಂದೇ ಫೋಲ್ಡರ್ ಆರಿಸಿ ಹೊಸ ಡಿಸ್ಕಿಗೆ ಕಳಿಸುತ್ತಿದ್ದಾಗ ಒಂದರ ಹೆಸರು ಕಣ್ಣಿಗೆ ಚುಚ್ಚಿತು: 'ಮನೆ ರಿಪೇರಿ ಪಟ್ಟಿ'. ಹೆಂಡತಿಯದು! ಸೋರುವ ನಲ್ಲಿ, ಕಿರುಗುಟ್ಟುವ ಬಾಗಿಲು, ಒಂದು ಕಾಲು ಕಳೆದುಕೊಂಡು ಗೋಡೆಗೊರಗಿದ ಕಪಾಟು... ನೆನೆದೇ ಬೆವರಿದ. ತೆರೆದೂ ನೋಡದೆ ಅದೊಂದನ್ನು ಬಿಟ್ಟುಬಿಟ್ಟ. ತಾನೇನೂ ಅಳಿಸಲಿಲ್ಲ, ಸಾಗಣೆಯಲ್ಲಿ ತಪ್ಪಿಹೋಯಿತು, ಅಷ್ಟೆ! ಹಾವೂ ಸಾಯಿತು, ಕೋಲೂ ಮುರಿಯಲಿಲ್ಲ. ಸಂಜೆಯೊಳಗೆ ಹಳೆಯ ಡಿಸ್ಕನ್ನು ಅಳಿಸಿ, ಹೊಸದರ ಪಕ್ಕ ಕೂರಿಸಿ, ಸಮಸ್ತವನ್ನೂ ಅದರ ಮೇಲೆ ಸುರಿದು ಸಿಳ್ಳೆ ಹಾಕಿದ.

ಭಾನುವಾರ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತವಳು, "ರೀ, ನಿಮ್ಮ ಪೆಟ್ಟಿಗೆಯಿಂದ ನಮ್ಮಮ್ಮನ ಮಾತು ಹಾಕಿ. ಕೇಳ್ತಾ ಹೊಲೀತೀನಿ" ಎಂದಳು.

ಅತ್ತೆ ತೀರಿಕೊಂಡು ವರ್ಷವಾಗಿತ್ತು. ಮಗಳ ಫೋನಿಗೆ ಕಳಿಸಿದ್ದ, ಆ ಫೋನ್ ಕೆಡುವ ಮೊದಲು ಕಂಪ್ಯೂಟರಿಗೆ ಇಳಿಸಿಟ್ಟಿದ್ದ ನಲವತ್ತಮೂರು ವಾಯ್ಸ್ ಮೆಸೇಜುಗಳಷ್ಟೇ ಉಳಿದಿದ್ದವು. ನಲವತ್ತಮೂರರಲ್ಲೂ ಅಳಿಯನ ಗುಣಗಾನ! ಅವನು ಸುಟ್ಟ ಪಾತ್ರೆ, ಒಡೆದ ಕಿಟಕಿ, ಮೊಳೆ ಹೊಡೆಯಲು ಹೋಗಿ ಉದುರಿಸಿದ ಗೋಡೆಯ ಗಾರೆ. ಕೇಳಿದಾಗಲೆಲ್ಲ ಹೆಂಡತಿ ನಗುತ್ತಿದ್ದಳು, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಅದು ಯಾವ ಫೋಲ್ಡರಲ್ಲಿದೆ?"

"ಮನೆ ರಿಪೇರಿ ಪಟ್ಟೀಲಿ."

"ಅಲ್ಲಿ... ಅಲ್ಯಾಕೆ ಇಟ್ಟೆ?"

"ನೀವು ಜನ್ಮದಲ್ಲಿ ಕೈಹಾಕದ ಜಾಗ ಅಂತ. ಅದಕ್ಕಿಂತ ಭದ್ರವಾದ ತಿಜೋರಿ ಈ ಮನೇಲಿ ಯಾವುದಿದೆ?"

"ತಡಿ, ಸೆಟ್ಟಿಂಗ್ ನೋಡ್ಬೇಕು" ಎಂದು ಪೆಟ್ಟಿಗೆಯ ಮುಂದೆ ಕೂತವನು ಮೂರು ಗಂಟೆ ಮೇಲೇಳಲಿಲ್ಲ. ಅಳಿಸಿದ್ದನ್ನು ಹುಡುಕಿ ಕೊಡುವ ಸಾಫ್ಟ್‌ವೇರ್ ಓಡಿಸಿದ. ಆದರೆ ಹಳೆಯದರ ಮೇಲೆ ಹೊಸದನ್ನೆಲ್ಲ ಅವನೇ ಸುರಿದಿದ್ದನಲ್ಲ, ಇನ್ನೇನು ಉಳಿದೀತು? ಕೊನೆಗೆ ಸಿಕ್ಕಿದ್ದು ಎರಡು ಸೆಕೆಂಡಿನ ತುಣುಕು: "ನಿನ್ ಗಂಡ ಇದ್ದಾನಲ್ಲ..." ಆಮೇಲೆ ಬರೀ ಗೊರಗೊರ.

ಆ ಗೊರಗೊರ ಕೇಳಿ ಅವನಿಗೆ ನಿಜವಾಗಿಯೂ ಅಳು ಬಂತು. ಅತ್ತೆಯ ಬಾಯಿ ಒಮ್ಮೆ ನಿಂತರೆ ಸಾಕೆಂದು ಹಿಂದೆ ಎಷ್ಟು ಸಲ ಅಂದುಕೊಂಡಿದ್ದನೋ! ಈಗ ನಿಂತಿತ್ತು, ಹೆಂಡತಿಗೆ ಉಳಿದಿದ್ದ ಅಮ್ಮನನ್ನು ತಾನೇ ಕಳೆದಿದ್ದ. ಅದೂ ಬೈಸಿಕೊಂಡವನೇ ಅಳಿಸಿದ್ದು! ಅಕಸ್ಮಾತ್ ಆಯಿತೆಂದರೆ ಯಾವ ನ್ಯಾಯಾಲಯ ನಂಬೀತು?

ಇಂಗು ತಿಂದ ಮಂಗನಂತೆ ಹೋಗಿ ನಿಂತು ಎಲ್ಲವನ್ನೂ ಒಪ್ಪಿಕೊಂಡ. ಪಟ್ಟಿಯನ್ನು ಬೇಕೆಂದೇ ಬಿಟ್ಟದ್ದನ್ನೂ ಮುಚ್ಚಿಡಲಿಲ್ಲ.

ಹೊಲಿಗೆ ಯಂತ್ರ ನಿಂತಿತು. "ಊರಿಗೆಲ್ಲ ಮೂರು ಪ್ರತಿ, ನಮ್ಮಮ್ಮನಿಗೆ ಒಂದೂ ಇಲ್ವಾ?" ಎಂದಳು. ಆಮೇಲೆ ಅವನ ಕೆಂಪಾದ ಕಣ್ಣು ನೋಡಿ ಕೇಳಿದಳು:

"ಎಷ್ಟು ಹೊತ್ತಿಂದ ಒದ್ದಾಡ್ತಾ ಇದ್ದೀರಿ?"

"ಮೂರು ಗಂಟೆ."

"ಹೂಂ, ಅಷ್ಟು ಶಿಕ್ಷೆ ಸಾಕು" ಎಂದು ಗುಂಡಿಗಳ ಡಬ್ಬಿ ಎಳೆದು, ತಳದಿಂದ ಒಂದು ಪೆನ್‌ಡ್ರೈವ್ ಹೆಕ್ಕಿ ಅವನ ಅಂಗೈಗಿಟ್ಟಳು. "ನೀವು ಸರ್ವರ್ ಅಂತ ಬಾಯ್ಬಿಟ್ಟ ದಿನಾನೇ ತೆಗೆದಿಟ್ಟೆ."

"ನಿಂಗೆ ಹೇಗೆ ಹೊಳೀತೇ?"

"ನಂಗೆಲ್ಲಿ ಹೊಳೀಬೇಕು? ಹದಿನೇಳನೇದು ಹಾಕಿ, ಗೊತ್ತಾಗುತ್ತೆ."

ಹಾಕಿದ. ಅತ್ತೆಯ ಕಂಠ ಕೋಣೆ ತುಂಬಿತು: "ನಿನ್ ಗಂಡ ಇದ್ದಾನಲ್ಲ, ಒಳ್ಳೆಯವನೇ ಕಣೇ, ಇಲ್ಲ ಅನ್ನಲ್ಲ. ಆದ್ರೆ ಅವನ ಕೈಗೆ ಏನೇ ಕೊಟ್ರೂ ಅಂಥದ್ದೇ ಇನ್ನೊಂದು ಬಚ್ಚಿಟ್ಕೊಂಡಿರು!"

ಹೆಂಡತಿ ನಕ್ಕಳು, ಕಣ್ಣೊರೆಸಿಕೊಂಡಳು. ಮೂರುಪ್ರತಿ ಅತ್ತೆಯ ಬೈಗುಳಗಳಿಗೆ ಅಲ್ಲೇ ಮೂರು ಪ್ರತಿ ತೆಗೆದ. ಆಮೇಲೆ ಯಾರೂ ಹೇಳದೆಯೇ ಸ್ಪ್ಯಾನರ್ ಹುಡುಕಿಕೊಂಡು ಸೋರುವ ನಲ್ಲಿಯ ಕಡೆ ನಡೆದ.

ಹಿಂದಿನಿಂದ ಹೆಂಡತಿಯ ದನಿ ಬಂತು: "ರೀ, ಹೊಸ ನಲ್ಲಿ ಎರಡು ತಂದಿಟ್ಟಿದ್ದೀನಿ!"