ನಾಲ್ಕು ಸೆಂಟಿಮೀಟರು ಕಳಕೊಂಡ ಸ್ಕೇಲಿಗೆ ಒಬ್ಬ ಮಾಸ್ಟ್ರ ಮನವಿ

ಇವರಿಗೆ,
ಶ್ರೀಯುತ ಮರದ ಮೀಟರ್ ಸ್ಕೇಲು ಅವರು,
ಹಾಲಿ ವಾಸ: ಹೈಸ್ಕೂಲು ಭೌತಶಾಸ್ತ್ರ ಶಿಕ್ಷಕರ ಬೇಸಿಗೆ ಎಂ.ಎಸ್ಸಿ. ಕೇಂದ್ರ, ದರ್ಬೆ, ಪುತ್ತೂರು.
ಖಾಯಂ ವಿಳಾಸ: ನಮ್ಮ ಹೈಸ್ಕೂಲಿನ ವಿಜ್ಞಾನದ ಕಪಾಟು, ಕೊಲ್ಲಮೊಗ್ರು ರಸ್ತೆ, ಸುಳ್ಯ ತಾಲೂಕು.

ಮಾನ್ಯರೇ,

ತಾವು ಗೋಡೆಗೆ ಒರಗಿ ನೆಟ್ಟಗೆ ನಿಂತು, ಎರಡೂ ತುದಿಯ ಹಿತ್ತಾಳೆ ಟೊಪ್ಪಿ ಸಮೇತ ಕ್ಷೇಮವಾಗಿರುವಿರೆಂದು ನಂಬಿ, ತಮ್ಮನ್ನು ಇಪ್ಪತ್ತೆಂಟು ವರ್ಷಗಳಿಂದ ಕೈಯಲ್ಲಿ ಹಿಡಿದು ಭೌತಶಾಸ್ತ್ರ ಕಲಿಸುತ್ತಿರುವ, ಬರುವ ಜನವರಿಗೆ ನಿವೃತ್ತನಾಗಲಿರುವ ರಾಧಾಕೃಷ್ಣ ಮಾಸ್ಟ್ರು ಮಾಡುವ ನಮಸ್ಕಾರಗಳು. ಇದು ದೂರಿನ ಪತ್ರವಾದರೂ ಓದುವ ಮೊದಲೇ ಬಗ್ಗಬೇಡಿ ಎಂದು ವಿನಂತಿ, ಈಗಾಗಲೇ ಇರುವ ದೋಷವೇ ನನಗೆ ಬೇಕಾದಷ್ಟಾಗಿದೆ.

ನನ್ನ ಮದುವೆಯ ಕಾಗದದಲ್ಲಿ ಹೆಸರಿನ ಮುಂದೆ ಬರೇ ಬಿ.ಎಸ್ಸಿ. ಎಂದಿತ್ತು, ಹುಡುಗಿಯ ಕಡೆಯಲ್ಲಿ ಎಂ.ಎ. ಇತ್ತು, ಇದನ್ನು ನನ್ನ ಹೆಂಡತಿ ಶಂಕರಿ ಇಂದಿಗೂ ಬಾಯಿಬಿಟ್ಟು ಹೇಳಿಲ್ಲ, ಆದರೆ ಆ ಕಾಗದವನ್ನು ಜೋಪಾನವಾಗಿ ಇಟ್ಟಿದ್ದಾಳೆ. ಕಾಗದದಲ್ಲಿ ಆಗದ್ದು ನಿವೃತ್ತಿಯ ದಿನ ಶಾಲು ಹೊದೆಸಿ ಓದುವ ಸನ್ಮಾನ ಪತ್ರದಲ್ಲಾದರೂ ಆಗಲಿ ಎಂಬ ಒಂದೇ ಆಸೆಯಿಂದ ನಾನು ಐವತ್ತೇಳನೆಯ ವಯಸ್ಸಿನಲ್ಲಿ, ಕೆಲಸದಲ್ಲಿರುವ ಶಿಕ್ಷಕರಿಗೆಂದೇ ಮಾಡಿರುವ ಮೂರು ಬೇಸಿಗೆಯ ಈ ಕೋರ್ಸಿಗೆ ಸೇರಿದೆ. ಇದು ಮೂರನೆಯ ಬೇಸಿಗೆ. ಪ್ರಯೋಗದ ರೆಕಾರ್ಡಿಗೆ ಈ ಸಲ ಸಹಿ ಬೀಳದಿದ್ದರೆ ಮುಂದಿನ ಬೇಸಿಗೆಗೆ ನಾನು ಶಿಕ್ಷಕನೇ ಅಲ್ಲ, ಎಂ.ಎಸ್ಸಿ.ಯೂ ಇಲ್ಲ. ಆ ಸಹಿಗೆ ಅಡ್ಡ ಬಂದವರು ತಾವು.

ತಮಗೆ ನಾನೇನು ಕಮ್ಮಿ ಮಾಡಿದ್ದೆ ಹೇಳಿ! ಕೇಂದ್ರದಲ್ಲಿ ಸ್ಕೇಲುಗಳು ಸಾಲುವುದಿಲ್ಲ, ನಿಮ್ಮ ನಿಮ್ಮ ಶಾಲೆಯದ್ದು ತನ್ನಿ ಎಂದಾಗ ಬೇರೆಯವರೆಲ್ಲ ಪ್ಲಾಸ್ಟಿಕ್ಕಿನ ಗಿಡ್ಡ ಸ್ಕೇಲು ತಂದರು, ನಾನು ಹಳೆಯ ಸ್ನೇಹವೆಂದು ತಮ್ಮನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ, ಬಸ್ಸಿನಲ್ಲಿ ಕಿಟಕಿಯ ಬದಿ ಕೊಟ್ಟು ಕರಕೊಂಡು ಬಂದೆ. ಕಡಬ ದಾಟುವವರೆಗೂ ಪಕ್ಕದ ಸೀಟಿನ ಹೆಂಗಸು ತಮ್ಮನ್ನು ತೋರಿಸಿಯೇ ಮಗುವಿಗೆ ಬಿಸ್ಕತ್ತು ತಿನ್ನಿಸಿದರು. ಅಷ್ಟು ಮರ್ಯಾದೆ ಪಡೆದ ತಾವು, ಮೊದಲ ಒಂದೂವರೆ ಅಂಗುಲ ಜಾಗವನ್ನು ಮೂರು ಮಳೆಗಾಲದ ಹಿಂದೆಯೇ ಗೆದ್ದಲಿಗೆ ದಾನ ಮಾಡಿದ್ದೀರೆಂದು ಒಂದು ಮಾತು ಹೇಳಬಾರದಿತ್ತೇ? ನಮ್ಮ ಶಾಲೆಯ ಜವಾನ ಬೋಜಪ್ಪ ಹಾಳಾದ ತುದಿಯನ್ನು ಗರಗಸದಲ್ಲಿ ಕೊಯ್ದು, ಅದೇ ಹಿತ್ತಾಳೆ ಟೊಪ್ಪಿಯನ್ನು ಮತ್ತೆ ಹೊಡೆದು, ಎಣ್ಣೆ ಹಚ್ಚಿ ಕಪಾಟಿನಲ್ಲಿ ಇಟ್ಟಿದ್ದನಂತೆ. ಮೊನ್ನೆ ಕೇಳಿದರೆ, "ಚೆಂದ ಮಾಡಿ ಇಟ್ಟದ್ದಲ್ಲಾ ಸರ್, ಸಣ್ಣ ನಂಬ್ರ ಯಾರು ನೋಡ್ತಾರೆ" ಎಂದ. ಯಾರೂ ನೋಡಿರಲಿಲ್ಲ ಎಂಬುದು ನಿಜ.

ಪ್ರಯೋಗವೋ, ಸರಳ ಲೋಲಕ. ದಾರಕ್ಕೆ ಗುಂಡು ಕಟ್ಟಿ ತೂಗುವುದು, ಇಪ್ಪತ್ತು ಆಂದೋಲನಕ್ಕೆ ಎಷ್ಟು ಸೆಕೆಂಡು ನೋಡುವುದು, ಅದರಿಂದ ಭೂಮಿ ಎಷ್ಟು ಜೋರಾಗಿ ಎಳೆಯುತ್ತದೆಂದು ಲೆಕ್ಕ ಹಾಕುವುದು. ಉತ್ತರ 9.78 ಎಂದು ನಮಗೆ ಆರು ಮಂದಿಗೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ಮೀಟರು ಉದ್ದದವರು ತಾವೊಬ್ಬರೇ ಆದ್ದರಿಂದ ಎಲ್ಲರೂ ತಮ್ಮಿಂದಲೇ ಸರಿಯಾಗಿ ನೂರು ಸೆಂಟಿಮೀಟರು ಅಳೆದು ತೂಗಿಬಿಟ್ಟಾಗ 39.4 ಸೆಕೆಂಡು ಬಂತು, ಬರಬೇಕಾದದ್ದು 40.2. ಕಡಬದ ಡೊಂಬಯ್ಯ ಮಾಸ್ಟ್ರು, "ನೀವು ಎಣಿಸುದ್ರಲ್ಲಿ ಎಲ್ಲಿಯೋ ತಪ್ಪಿತು ಮಾರಾಯ್ರೆ, ಅದು ನಲ್ವತ್ತೇ" ಎಂದು ಕ್ಯಾಲ್ಕುಲೇಟರ್ ತೆಗೆದು, ಉತ್ತರದಿಂದ ಹಿಂದಕ್ಕೆ ನಡೆದು, ನಮ್ಮೆಲ್ಲರಿಗೂ ಸೆಕೆಂಡುಗಳನ್ನು ಹಂಚಿದರು. ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುವ ಹಾಗೆ ಅಲ್ಲೊಂದು 40.1, ಇಲ್ಲೊಂದು 40.3 ಇಟ್ಟೆವು. ಇದು ಕಳ್ಳತನವೆಂದು ತಾವು ಭಾವಿಸಬಾರದು, ಇದು ನಮ್ಮಲ್ಲಿ ಗುರುವಿನಿಂದ ಶಿಷ್ಯನಿಗೆ ಇಳಿದು ಬಂದ ಪದ್ಧತಿ, ನಾನೂ ಎಷ್ಟೋ ಬ್ಯಾಚುಗಳಿಗೆ ಪ್ರೀತಿಯಿಂದ ದಾಟಿಸಿದ್ದೇನೆ.

ಪಾಠ ಮಾಡುವ ಝುಲೈಖಾ ಮೇಡಂ ನಮ್ಮ ಅರ್ಧ ಪ್ರಾಯದವರು, ದನಿ ಏರಿಸುವವರೇ ಅಲ್ಲ. ಬೆಳಿಗ್ಗೆ ಅವರೇ ನಮ್ಮ ಲೋಲಕವನ್ನು ತೂಗಿ ನೋಡಿದ್ದರಂತೆ, 39.4 ಬಂದಿತ್ತಂತೆ. ಆರು ರೆಕಾರ್ಡುಗಳನ್ನೂ ಸಾಲಾಗಿ ಹರಡಿ, "ಸರ್, ಇದು ನೀವು ಅಳೆದದ್ದಾ, ಗೊತ್ತಿದ್ದದ್ದಾ?" ಎಂದು ಮೆಲ್ಲಗೆ ಕೇಳಿ, ಚೀಲದಿಂದ ಸ್ಟೀಲ್ ಟೇಪ್ ತೆಗೆದು ತಮ್ಮ ಬೆನ್ನ ಮೇಲೆ ಇಟ್ಟರು. ಅಯ್ಯೋ ದೇವರೇ, ಆ ಹೊತ್ತಿಗೆ ತಾವು ಎಷ್ಟು ನಿಷ್ಕಳಂಕರಾಗಿ ಮಲಗಿದ್ದಿರಿ! "ಹೆಚ್ಚುಕಮ್ಮಿ ನಾಲ್ಕು ಸೆಂಟಿಮೀಟರು ಇಲ್ಲ, ಸರಿಯಾಗಿ ಎಷ್ಟೂಂತ ನೀವೇ ಅಳೆದು, ಎಂದಿನಿಂದ ಇಲ್ಲಾಂತಲೂ ವಿಚಾರಿಸಿ ಬರೆಯಿರಿ, ಮತ್ತೆ ಸಹಿ ನೋಡುವಾ" ಎಂದರು. ಸ್ಕೇಲು ನನ್ನ ಶಾಲೆಯದ್ದಾದ್ದರಿಂದ ಉಳಿದ ಐವರೂ ನನ್ನನ್ನು ನೋಡಿದರು. ಇಪ್ಪತ್ತೆಂಟು ವರ್ಷ ಮಕ್ಕಳನ್ನು ಹಾಗೆ ನೋಡಿದವನಿಗೆ ಅದು ಹೇಗಿರುತ್ತದೆಂದು ಆ ದಿನವೇ ಗೊತ್ತಾದದ್ದು.

ಎಂದಿನಿಂದ ಎಂದು ತಿಳಿಯಲು ನಾನು ಶಾಲೆಗೆ ಹೋಗಿ ಕಪಾಟಿನ ಹಳೆಯ ಪ್ರಯೋಗ ಪುಸ್ತಕಗಳನ್ನೆಲ್ಲ ಕೆಳಗಿಳಿಸಿದೆ. ಮೂರು ವರ್ಷದ ಒಂಬತ್ತನೇ ತರಗತಿ, ತಮ್ಮ ಮೊಂಡು ದೇಹದಿಂದಲೇ ಅಳೆದ ಅಷ್ಟೂ ಮಕ್ಕಳು, ಅಷ್ಟಕ್ಕೂ 9.8. ತಮ್ಮ ಪವಾಡಕ್ಕೆ ಕೈ ಮುಗಿಯಬೇಕು. ಒಂದೇ ಒಂದು ಪುಸ್ತಕದಲ್ಲಿ 10.2 ಇತ್ತು. ಅದರ ಮೇಲೆ ಕೆಂಪು ಶಾಯಿಯ ಗೀಟು, ಐದರಲ್ಲಿ ಎರಡು ಅಂಕ, "ಅಜಾಗ್ರತೆ" ಎಂಬ ಷರಾ. ಅಕ್ಷರ ನನ್ನದೇ, ಪುಸ್ತಕ ಕೊಲ್ಲಮೊಗ್ರಿನ ಸುಪ್ರಿತಾಳದ್ದು.

ಆ ದಿನ ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ನಾನೊಂದು ತಮಾಷೆ ಮಾಡಿದ್ದೆ. "ಎಂತ ಮಾರಾಯ್ತಿ, ಭೂಮಿ ನಿನ್ನನ್ನು ಮಾತ್ರ ಜಾಸ್ತಿ ಎಳೆಯುದಾ?" ಎಂದಾಗ ಇಡೀ ಕ್ಲಾಸು ನಕ್ಕಿತ್ತು. ಈ ವರ್ಷ ಹತ್ತನೆಯದು ಪಾಸಾದ ಆ ಹುಡುಗಿ, ವಿಜ್ಞಾನದಲ್ಲಿ ತೊಂಬತ್ತರ ಮೇಲೆ ಇದ್ದರೂ, ಪಿಯುಸಿಗೆ ಕಾಮರ್ಸ್ ಎಂದು ಫಾರ್ಮ್ ತುಂಬಿಸಿದ್ದಾಳೆ ಎಂದು ಬೋಜಪ್ಪನೇ ಹೇಳಿದ. ನಿನ್ನೆ ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟು, ನಾನು ಹೇಳಿದ್ದನ್ನೆಲ್ಲ ನಿಂತೇ ಕೇಳಿ, "ನಾನು ಏಳು ಸಲ ಅಳೆದಿದ್ದೆ ಸರ್. ನನಗೆ ಅಳೆಯುದು ಬರುದಿಲ್ಲಾಂತ ನೀವು ಹೇಳಿದ್ರಿ, ಹೌದಾಯಿಕ್ಕು ಅಂದ್ಕೊಂಡೆ" ಎಂದಳು. ಸ್ವಾಮೀ, ನನಗೆ ನಾಚಿಕೆಯಾಯಿತು. ಚೀಲದಿಂದ ಅವಳ ಪುಸ್ತಕವನ್ನೂ ಪೆನ್ನನ್ನೂ ಹೊರತೆಗೆದೆ.

ಆದುದರಿಂದ ತಮ್ಮಲ್ಲಿ ಕೆಲವು ಬೇಡಿಕೆಗಳು. ಬರುವ ಮಳೆಯಲ್ಲಿ ಮರವೆಲ್ಲ ಉಬ್ಬುವಾಗ ತಾವೂ ದೊಡ್ಡ ಮನಸ್ಸು ಮಾಡಿ ನಾಲ್ಕು ಸೆಂಟಿಮೀಟರು ಉದ್ದವಾಗಬೇಕು. ಅದು ಕಷ್ಟವೆಂದಾದರೆ, ಕೊಲ್ಲಮೊಗ್ರಿನ ಮಟ್ಟಿಗಾದರೂ ಗುರುತ್ವವನ್ನು 10.2 ಮಾಡಿಸಿಕೊಡಬೇಕು, ತೆಂಗಿನಕಾಯಿ ಸ್ವಲ್ಪ ಬೇಗ ಬಿದ್ದರೆ ಅಲ್ಲಿ ಯಾರೂ ಬೇಜಾರು ಮಾಡುವವರಲ್ಲ. ಅದೂ ಆಗದಿದ್ದರೆ, ಎರಡು ವರ್ಷದ ಹಿಂದಿನ ಆ ಮಧ್ಯಾಹ್ನವನ್ನು ವಾಪಸು ಕರೆಸಿ, ನಾನು ತಮಾಷೆಗೆ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಕಪಾಟಿನಿಂದ ನನ್ನ ತಲೆಯ ಮೇಲೆ ಬೀಳಬೇಕು. ಏನೂ ಆಗದಿದ್ದರೆ ಸೋಮವಾರ ನನ್ನೊಂದಿಗೆ ಬಸ್ಸು ಹತ್ತಬೇಕು. ಏಕೆಂದರೆ ಕೆಂಪು ಷರಾವನ್ನು ಹೊಡೆದು ಹಾಕಿ ಐದಕ್ಕೆ ಐದು ಕೊಟ್ಟರೂ ಆ ಹುಡುಗಿ ಪುಸ್ತಕ ಮುಟ್ಟಲಿಲ್ಲ. "ಬಾಯಲ್ಲಿ ಹೇಳಿದ್ದನ್ನು ನಂಬುದು ಹೇಗೆ ಸರ್, ಸ್ಕೇಲು ತನ್ನಿ, ಅಳೆದು ನೋಡುವಾ" ಎಂದಳು. ಫಾರ್ಮ್ ಬದಲಾಯಿಸಲು ಬುಧವಾರ ಕೊನೆಯ ದಿನ.

ಇಡೀ ವಿವರಣೆಯನ್ನು, 10.2ರ ಸಮೇತ, ಸುಪ್ರಿತಾಳ ಹೆಸರನ್ನೂ ಹಾಕಿ ಇಂದು ಬರೆದುಕೊಟ್ಟೆ. ಕಮ್ಮಿ ಇರುವುದು 4.0 ಸೆಂ.ಮೀ. ಎಂದು ದಪ್ಪಕ್ಷರದಲ್ಲಿ ತುಂಬಿಸಿದೆ. ಮೇಡಂ ನಿಧಾನಕ್ಕೆ ಓದಿ, ನನ್ನ ಮುಖ ಒಮ್ಮೆ ನೋಡಿ ಸಹಿ ಹಾಕಿದರು. ಸನ್ಮಾನ ಪತ್ರಕ್ಕೆ ಎಂ.ಎಸ್ಸಿ. ಬಂದ ಹಾಗೆಯೇ. ಇದಕ್ಕೆ ತಮಗೆ ಋಣಿ, ಸಿಟ್ಟು ಮಾತ್ರ ಹಾಗೆಯೇ ಇದೆ.

ತಮಗಿಂತ ನಾಲ್ಕು ಸೆಂಟಿಮೀಟರು ಹೆಚ್ಚೇ ಕುಗ್ಗಿರುವ,
ತಮ್ಮ ವಿಶ್ವಾಸಿ,
ರಾಧಾಕೃಷ್ಣ, ಬಿ.ಎಸ್ಸಿ., (ಸದ್ಯಕ್ಕೆ)

ತಾ.ಕ.: ಸೋಮವಾರ ಸಂಜೆ ಇದನ್ನು ಸೇರಿಸುತ್ತಿದ್ದೇನೆ. ತಮ್ಮನ್ನು ಜಗಲಿಯಲ್ಲಿ ಮಲಗಿಸಿ, ಮನೆಯ ಟೇಪು ಹಿಡಿದು, ಸುಪ್ರಿತಾ ಏಳು ಸಲ ಅಳೆದಳು. ಫಾರ್ಮನ್ನು ನಾಳೆ ಸೈನ್ಸಿಗೆ ಬದಲಾಯಿಸುತ್ತಾಳಂತೆ. ತಾವು ಕಮ್ಮಿ ಇರುವುದು ನಾಲ್ಕಲ್ಲ, ಮೂರು ದಶಮಾಂಶ ಏಳು. "ನೀವು ಅಳೆಯುವಾಗ ಎಷ್ಟು ಬಂದಿತ್ತು ಸರ್?" ಎಂದು ಕೇಳಿದಳು. ಅಳೆದವನ ಹಾಗೆ ಸ್ವಲ್ಪ ಯೋಚಿಸಿ, ಬಸ್ಸಿಗೆ ಹೊತ್ತಾಯಿತು ಎಂದೆ.